ಉಪವಾಸದಲ್ಲಿ ಮೆದುಳಿನ ಆಹಾರ

ವಯಸ್ಕ ಮನುಷ್ಯನ ಮೆದುಳು ಅವನ ಶರೀರದ ತೂಕದಲ್ಲಿ ನೂರಕ್ಕೆ ಎರಡು ಭಾಗ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ಶರೀರ ವ್ಯಯಿಸುವ ಶಕ್ತಿಯ ಐದನೆಯ ಒಂದು ಪಾಲು ಈ ಪುಟ್ಟ ಅವಯವಕ್ಕೇ ಸಲ್ಲುತ್ತದೆ. ಕೈಕಾಲುಗಳು ದಣಿದಾಗ ವಿಶ್ರಮಿಸಬಹುದು. ಮೆದುಳಿಗೆ ಅಂತಹ ಬಿಡುವಿಲ್ಲ. ಮನುಷ್ಯ ನಿದ್ರಿಸುತ್ತಿರುವಾಗಲೂ ಅದು ದುಡಿಯುತ್ತಲೇ ಇರುತ್ತದೆ.

ಮೆದುಳಿನ ನಿತ್ಯದ ಇಂಧನ ಗ್ಲೂಕೋಸ್ ಎಂಬ ಸಕ್ಕರೆ. ಅನ್ನ, ರೊಟ್ಟಿ, ಮುದ್ದೆ ಮುಂತಾದ ಆಹಾರಗಳು ಜೀರ್ಣವಾದಾಗ ಗ್ಲೂಕೋಸ್ ದೊರೆತು ರಕ್ತವನ್ನು ಸೇರುತ್ತದೆ. ಮೆದುಳಿಗೆ ದಿನವೊಂದಕ್ಕೆ ಸುಮಾರು 100ರಿಂದ 120 ಗ್ರಾಂ ಗ್ಲೂಕೋಸ್ ಬೇಕು. ಊಟವಿಲ್ಲದ ವೇಳೆಯಲ್ಲಿ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೈಕೊಜೆನನ್ನು ಒಡೆದು ಗ್ಲೂಕೋಸನ್ನು ಒದಗಿಸುತ್ತದೆ. ಆದರೆ ಈ ದಾಸ್ತಾನು ಹೆಚ್ಚೆಂದರೆ ಒಂದು ದಿನಕ್ಕೆ ಸಾಕಾದೀತು. ಅನಂತರದ ಗತಿ ಏನು?

ಶರೀರದಲ್ಲಿ ಕೊಬ್ಬಿನ ಸಂಗ್ರಹ ಧಾರಾಳವಾಗಿದೆ. ಸಾಧಾರಣ ಮೈಕಟ್ಟಿನವನಲ್ಲಿಯೂ ಅದು ಹಲವು ಕಿಲೋಗ್ರಾಂಗಳಷ್ಟಿರುತ್ತದೆ. ಹೃದಯವೂ ಸ್ನಾಯುಗಳೂ ಕೊಬ್ಬಿನಿಂದ ಬರುವ ಆಮ್ಲಗಳನ್ನು ಉರಿಸಿ ಶಕ್ತಿ ಪಡೆಯಬಲ್ಲವು. ಮೆದುಳಾದರೋ ಅವನ್ನು ತನ್ನ ಮುಖ್ಯ ಇಂಧನವಾಗಿ ಬಳಸಲಾರದು. ಕೊಬ್ಬಿನಿಂದ ಹುಟ್ಟುವ ಗ್ಲೂಕೋಸ್ ಕೂಡ ಅತ್ಯಲ್ಪ. ಆದ್ದರಿಂದ ಉಪವಾಸದ ಮೊದಲ ದಿನಗಳಲ್ಲಿ ಶರೀರವು ಸ್ನಾಯುಗಳ ಪ್ರೋಟೀನನ್ನು ಕರಗಿಸಿ ಗ್ಲೂಕೋಸನ್ನು ತಯಾರಿಸುತ್ತದೆ. ಇದೇ ಕ್ರಮ ಮುಂದುವರಿದರೆ ಎರಡು ಮೂರು ವಾರಗಳಲ್ಲಿಯೇ ಸ್ನಾಯುಗಳು ಸವೆದು ಮನುಷ್ಯ ಸಾಯಬೇಕು. ಆದರೆ ನೀರನ್ನು ಮಾತ್ರ ಕುಡಿದು ಎರಡು ತಿಂಗಳವರೆಗೆ ಬದುಕಿದವರುಂಟು. ಈ ಲೆಕ್ಕ ಹೊಂದುವುದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಅವರ ಸಹೋದ್ಯೋಗಿಗಳು, ಚಿಕಿತ್ಸೆಗಾಗಿ ಐದಾರು ವಾರ ನಿರಾಹಾರರಾಗಿದ್ದ ಮೂವರು ಸ್ಥೂಲಕಾಯದ ರೋಗಿಗಳನ್ನು ಪರೀಕ್ಷಿಸಿದರು. ಮೆದುಳಿಗೆ ಹೋಗುವ ರಕ್ತದಲ್ಲಿ ಏನೇನು ಎಷ್ಟೆಷ್ಟಿದೆ, ಮೆದುಳಿನಿಂದ ಹೊರಬರುವ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅಳೆದು ಹೋಲಿಸಿದರು. ಕಡಿಮೆಯಾದದ್ದೆಲ್ಲ ಮೆದುಳು ಬಳಸಿಕೊಂಡದ್ದೆಂದು ತಿಳಿಯಬೇಕಷ್ಟೆ. 1967ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಚಕಿತಗೊಳಿಸಿತು. ಆ ರೋಗಿಗಳ ಮೆದುಳಿನ ಪ್ರಧಾನ ಇಂಧನ ಗ್ಲೂಕೋಸ್ ಆಗಿರಲಿಲ್ಲ, ಕೀಟೋನುಗಳಾಗಿದ್ದವು.

ಕೀಟೋನುಗಳು ಹೊಸ ಪದಾರ್ಥಗಳೇನೂ ಅಲ್ಲ. ಮಧುಮೇಹದ ರೋಗಿಗಳ ಮೂತ್ರದಲ್ಲಿ ಅವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಲಾಗಿತ್ತು. ರೋಗ ಉಲ್ಬಣಿಸಿದವರಲ್ಲಿ ಕಂಡುಬರುತ್ತಿದ್ದುದರಿಂದ ಅವು ವಿಷಕಾರಿಯಾದ ಕಶ್ಮಲಗಳೆಂದೇ ಬಹುಕಾಲ ಎಣಿಸಿದ್ದರು. ವಾಸ್ತವವಾಗಿ ಉಪವಾಸವಿದ್ದಾಗ ರಕ್ತದಲ್ಲಿ ಇನ್ಸುಲಿನ್ ಇಳಿಮುಖವಾಗುತ್ತದೆ. ಶೇಖರವಾಗಿದ್ದ ಕೊಬ್ಬು ಕರಗಿ ಯಕೃತ್ತನ್ನು ತಲುಪುತ್ತದೆ. ಯಕೃತ್ತು ಅದನ್ನು ಚಿಕ್ಕ ಅಣುಗಳಾಗಿ ಮಾರ್ಪಡಿಸುತ್ತದೆ. ಇವೇ ಕೀಟೋನುಗಳು. ನೀರಿನಲ್ಲಿ ಸುಲಭವಾಗಿ ಕರಗುವ ಇವು ರಕ್ತದೊಡನೆ ಹರಿದು ಮೆದುಳನ್ನು ಪ್ರವೇಶಿಸಬಲ್ಲವು. ಇವನ್ನು ತಯಾರಿಸುವ ಯಕೃತ್ತು ಮಾತ್ರ ತಾನೇ ಇವನ್ನು ಉರಿಸಿಕೊಳ್ಳಲಾರದು. ಅದು ಮಾಡುವ ಅಡಿಗೆಯೆಲ್ಲ ಪರರಿಗಾಗಿ!

ದೀರ್ಘ ಉಪವಾಸದಲ್ಲಿ ಮೆದುಳಿನ ಅಗತ್ಯದ ಮೂರನೆಯ ಎರಡು ಭಾಗದವರೆಗೆ ಕೀಟೋನುಗಳೇ ಪೂರೈಸುತ್ತವೆ. ಉಳಿದ ಭಾಗಕ್ಕೆ ಗ್ಲೂಕೋಸ್ ಬೇಕೇ ಬೇಕು. ಹೀಗಿದ್ದರೂ ಇದರಿಂದಾಗುವ ಉಪಕಾರ ದೊಡ್ಡದು. ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 75 ಗ್ರಾಂನಷ್ಟು ಕರಗುತ್ತಿದ್ದ ಪ್ರೋಟೀನು, ಕೆಲವು ವಾರಗಳ ತರುವಾಯ ಸುಮಾರು 20 ಗ್ರಾಂಗೆ ಇಳಿಯುತ್ತದೆ. ಸ್ನಾಯುಗಳು ಉಳಿಯುತ್ತವೆ; ಅವುಗಳೊಡನೆ ಪ್ರಾಣವೂ ಉಳಿಯುತ್ತದೆ. ನವಜಾತ ಶಿಶುಗಳ ಮೆದುಳೂ ಕೀಟೋನುಗಳನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ.

ಈ ಗುಣವನ್ನು ವೈದ್ಯರು ಚಿಕಿತ್ಸೆಗೂ ಬಳಸಿಕೊಂಡಿದ್ದಾರೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಎಂಬ ವೈದ್ಯರು, ಕೊಬ್ಬು ಹೆಚ್ಚಾಗಿಯೂ ಪಿಷ್ಟ ಬಹು ಕಡಿಮೆಯಾಗಿಯೂ ಇರುವ ಆಹಾರವನ್ನು ಮೂರ್ಛೆರೋಗಕ್ಕೆ ಸೂಚಿಸಿದರು. ಔಷಧಗಳಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ಈ ಪಥ್ಯವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಇಂದಿಗೂ ನೀಡಲಾಗುತ್ತಿದೆ.

ಹಾಗೆಂದು ಕೀಟೋನುಗಳು ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಲಾಗದು. ಆರೋಗ್ಯವಂತರಲ್ಲಿ ಉಪವಾಸದ ಕಾಲದಲ್ಲಿಯೂ ಅಲ್ಪಸ್ವಲ್ಪ ಇನ್ಸುಲಿನ್ ಉಳಿದು, ಕೀಟೋನುಗಳ ಉತ್ಪತ್ತಿಯನ್ನು ಹತೋಟಿಯಲ್ಲಿಡುತ್ತದೆ. ಇನ್ಸುಲಿನ್ನಿನ ತೀವ್ರ ಕೊರತೆಯುಳ್ಳ ಮಧುಮೇಹಿಗಳಲ್ಲಿ ಈ ಕಡಿವಾಣ ತಪ್ಪುತ್ತದೆ. ಆಗ ಕೀಟೋನುಗಳು ಮಿತಿಮೀರಿ ರಕ್ತ ಆಮ್ಲೀಯವಾಗುತ್ತದೆ. ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆ ಬರುತ್ತದೆ. ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ. ಒಂದೇ ಪದಾರ್ಥ ಮಿತಿಯೊಳಗಿದ್ದಾಗ ಮೆದುಳನ್ನು ಪೋಷಿಸುತ್ತದೆ, ಮಿತಿಮೀರಿದಾಗ ಜೀವವನ್ನೇ ಬಲಿತೆಗೆದುಕೊಳ್ಳುತ್ತದೆ.

ಬರಗಾಲಗಳನ್ನೂ ಹಸಿವನ್ನೂ ಮನುಷ್ಯಕುಲ ಮತ್ತೆ ಮತ್ತೆ ಎದುರಿಸಿದೆ. ಸುಭಿಕ್ಷದಲ್ಲಿ ಕೂಡಿಟ್ಟ ಕೊಬ್ಬನ್ನು ದುರ್ಭಿಕ್ಷದಲ್ಲಿ ಮೆದುಳಿನ ಆಹಾರವನ್ನಾಗಿ ಮಾರ್ಪಡಿಸುವ ಈ ಏರ್ಪಾಡು ಇಲ್ಲದಿದ್ದರೆ, ಅನ್ನವಿಲ್ಲದ ದಿನಗಳನ್ನು ದಾಟಿ ಬರುವುದು ಅವನಿಗೆ ಸಾಧ್ಯವಾಗುತ್ತಿರಲಿಲ್ಲ.