ಐನೂರು ಕಿಲೋ ತೂಕದ ಅಂಜುಬುರುಕ

ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ಗಾಳಿಗೆ ಪಟಪಟ ಎಂದರೆ ಸಾಕು, ಎಳೆಯ ಕುದುರೆ ಹಗ್ಗ ಕಿತ್ತುಕೊಂಡು ಓಡುತ್ತದೆ. ಇಷ್ಟು ದೊಡ್ಡ ಪ್ರಾಣಿಗೆ ಇದೆಂಥ ಪುಕ್ಕಲುತನ ಎಂದು ನಗಬೇಡಿ. ಕೊಂಬಿಲ್ಲದೆ, ಉಗುರಿಲ್ಲದೆ ತೋಳಗಳಿರುವ ಬಯಲಲ್ಲಿ ಬಾಳಿ ಬಂದ ಜಾತಿ ಅದು. ಮೊದಲು ಓಡು, ಏನೆಂದು ಆಮೇಲೆ ನೋಡು ಎಂಬ ಬುದ್ಧಿಯಿದ್ದ ಕುದುರೆಗಳೇ ಮರಿ ಹಾಕುವವರೆಗೆ ಉಳಿದವು.

ಅದರ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದಿನ ಒಂದಿಷ್ಟು ಜಾಗ, ಬಾಲದ ಹಿಂದಿನ ಒಂದಿಷ್ಟು ಜಾಗ. ಹೊಸಬರು ಪ್ರೀತಿಯಿಂದ ಕೈ ಚಾಚುವುದು ಆ ಹಣೆಗೇ! ಲಾಯದಲ್ಲಿ ಪಳಗಿದವರು ಓರೆಯಾಗಿ, ಹೆಗಲ ಕಡೆಯಿಂದ ಹೋಗುತ್ತಾರೆ. ಕುತ್ತಿಗೆ ಬೆನ್ನಿಗೆ ಸೇರುವ ಉಬ್ಬನ್ನು ಬೆರಳಿನಿಂದ ಕೆರೆಯುತ್ತಾರೆ. ಗೆಳೆಯ ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವುದೂ ಅಲ್ಲೇ. ದಕ್ಷಿಣ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಜಾಗ ಕೆರೆದಾಗ ಎದೆಬಡಿತ ಇಳಿದದ್ದು ಕಂಡುಬಂತು. ಸಿನಿಮಾ ನಾಯಕರು ಕುದುರೆಯ ಕುತ್ತಿಗೆಗೆ ರಪರಪ ಬಡಿಯುವುದು ನೋಡಲಷ್ಟೇ ಚೆನ್ನ.

ಭಯ ಬಿಡಿಸುವುದು ಹೇಗೆ? ಎದುರಿಸಲಿ, ತಾನಾಗಿ ರೂಢಿಯಾಗುತ್ತದೆ ಎನ್ನುವವರು ಎಲ್ಲ ಕಡೆಯೂ ಇದ್ದಾರೆ. ಡೆನ್ಮಾರ್ಕಿನ ಸಂಶೋಧಕರು ಇದನ್ನು ಎರಡು ವರ್ಷದ 27 ಗಂಡು ಕುದುರೆಗಳ ಮೇಲೆ ಒರೆಗೆ ಹಚ್ಚಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆದರಿಸುವ ವಸ್ತು, ಅಲುಗಾಡುವ ದೊಡ್ಡದೊಂದು ಬಿಳಿ ನೈಲಾನ್ ಚೀಲ. ಒಂಬತ್ತು ಕುದುರೆಗಳಿಗೆ ಅದನ್ನು ಮೊದಲ ದಿನದಿಂದಲೇ ಪೂರ್ತಿಯಾಗಿ ತೋರಿಸಿದರು. ಇನ್ನೊಂಬತ್ತಕ್ಕೆ ಮೊದಲು ಚೀಲಕ್ಕೂ ತಿನಿಸಿಗೂ ನಂಟು ಕಲಿಸಿದರು. ಉಳಿದ ಒಂಬತ್ತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪರಿಚಯ: ಒಂದು ಹಂತ ಮಾಮೂಲಾಗುವವರೆಗೆ ಮುಂದಿನದಿಲ್ಲ. ಗೆದ್ದದ್ದು ಈ ಮೂರನೆಯ ಗುಂಪು. ಅವು ಬೆದರಿ ಓಡಿದ್ದು ಕಡಿಮೆ, ಕಲಿಯಲು ಹಿಡಿದ ಪಾಠಗಳೂ ಕಡಿಮೆ. ಒಂದೂ ಬಾಕಿಯಿಲ್ಲದೆ ಎಲ್ಲವೂ ಕಲಿತವು. ಮಿಕ್ಕ ಎರಡು ಗುಂಪುಗಳಲ್ಲಿ ಕೊನೆಗೂ ಒಗ್ಗದೆ ಉಳಿದವು ಇದ್ದವು. ತಿನಿಸಿನ ಆಸೆಯೂ ನಿಧಾನಕ್ಕೆ ಸಾಟಿಯಾಗಲಿಲ್ಲ ಎಂಬುದು ನನಗಂತೂ ಅಚ್ಚರಿ.

ಇಲ್ಲಿ ನಾಜೂಕಾದದ್ದು ಚೀಲವನ್ನು ಹಿಂದಕ್ಕೆಳೆಯುವ ಗಳಿಗೆ. ಕುದುರೆ ಕಲಿಯುವುದು ಒತ್ತಡ ಬಿದ್ದಾಗಲ್ಲ, ಒತ್ತಡ ಸಡಿಲಾದಾಗ. ಅದು ಎಗರಿದ ಕ್ಷಣದಲ್ಲೇ ಚೀಲ ದೂರವಾದರೆ, ಎಗರಿದ್ದರಿಂದ ಕಾಟ ತಪ್ಪಿತು ಎಂಬ ಪಾಠ ತಲೆಗೆ ಹೋಗುತ್ತದೆ. ಕಿವಿ ಸಡಿಲವಾಗಿ, ತಲೆ ತಗ್ಗಿ, ಬಾಯಿ ಮೆಲ್ಲಗೆ ಆಡಿದಾಗ ದೂರವಾದರೆ ಬೇರೆಯದೇ ಪಾಠ. ಅದಕ್ಕೇ ಮೊದಲು ಅದು ಸಹಿಸಬಲ್ಲಷ್ಟು ದೂರದಲ್ಲಿ ನಿಲ್ಲಬೇಕು. ಎಗರಿದ ಮೇಲೆ ತಿದ್ದಲು ಹೋದರೆ ತಡವಾಯಿತು.

ಇನ್ನು ಹಗ್ಗದ ಈಚೆ ತುದಿಯಲ್ಲಿರುವ ಮನುಷ್ಯ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ ಕುದುರೆ ಹಿಡಿದು ನಡೆದವರಿಗೂ ಸವಾರರಿಗೂ, ಈ ಸಲ ಪಕ್ಕದಲ್ಲಿ ಕೊಡೆ ಫಟ್ಟನೆ ಬಿಚ್ಚಿಕೊಳ್ಳುತ್ತದೆ ಎಂದು ಹೇಳಿದ್ದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಕೊಡೆಯ ಸುದ್ದಿಯೇ ಗೊತ್ತಿಲ್ಲದ ಕುದುರೆಗಳದ್ದೂ ಏರಿತು. ಧೈರ್ಯವೂ ಹಾಗೇ ಅಂಟುತ್ತದೆ, ಅದೂ ಜೊತೆಗಿರುವ ಕುದುರೆಯಿಂದ. ಒಗ್ಗಿದ ಕುದುರೆಯೊಂದು ಪಕ್ಕದಲ್ಲಿದ್ದರೆ ಹೊಸದು ಕಡಿಮೆ ಬೆದರುತ್ತದೆ ಎಂಬುದನ್ನೂ ಡೆನ್ಮಾರ್ಕಿನವರು ತೋರಿಸಿದ್ದಾರೆ. ದಸರೆಗೆ ಮುನ್ನ ಮೈಸೂರಿನಲ್ಲಿ ನಡೆಯುವ ಕುಶಾಲತೋಪು ತಾಲೀಮಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಜಂಬೂ ಸವಾರಿಯ ದಿನದ 21 ಸಿಡಿತಗಳಿಗೆ ಆನೆಗಳ ಜೊತೆ ಅಶ್ವಾರೋಹಿ ಪೊಲೀಸರ ಕುದುರೆಗಳನ್ನೂ ಮುಂಚೆಯೇ ಹದಗೊಳಿಸುತ್ತಾರೆ. ಹಳಬರ ಸಾಲಿನಲ್ಲೇ ಹೊಸಬರು.

ಕಲಿತ ಮೇಲೂ ಒಂದು ತೊಡಕುಂಟು. ಅಮೆರಿಕದ ಕೊಲರಾಡೊದ ಸಂಶೋಧಕರು ಮಕ್ಕಳ ಆಟದ ಸಾಮಾನೊಂದಕ್ಕೆ ಕುದುರೆಗಳನ್ನು ಚೆನ್ನಾಗಿ ಒಗ್ಗಿಸಿ, ಬಳಿಕ ಅದನ್ನೇ 90 ಡಿಗ್ರಿ ತಿರುಗಿಸಿಟ್ಟರು. ಕುದುರೆಗಳು ಹೊಸ ವಸ್ತು ಕಂಡಂತೆ ಮತ್ತೆ ಬೆಚ್ಚಿದವು. ಹೋಗುವಾಗ ನೀಲಿ ಡ್ರಮ್ಮಿನ ಪಕ್ಕ ತೆಪ್ಪಗೆ ನಡೆದ ಕುದುರೆ ಬರುವಾಗ ಅದೇ ಡ್ರಮ್ಮಿಗೆ ಅಡ್ಡ ಹಾರಿದರೆ ಹಟಮಾರಿ ಎಂದು ಬೈಯಬೇಡಿ. ಡ್ರಮ್ಮಿನ ಈ ಮಗ್ಗುಲನ್ನು ಅದು ನೋಡುತ್ತಿರುವುದು ಈಗಲೇ.