ಮಂಡಕಳ್ಳಿಯ ತಾರಸಿಯಲ್ಲಿ ಡಿಶ್: ಪೈಪಿನ ತುದಿಯವರೆಗಿನ ಲೆಕ್ಕ

ಮೈಸೂರಿನಿಂದ ನಂಜನಗೂಡಿನ ಕಡೆ ಸುಮಾರು 10 ಕಿಲೋಮೀಟರ್ ಹೋದರೆ ಮಂಡಕಳ್ಳಿ. ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ, ಇಲ್ಲಿ ವಿಮಾನ ಇಳಿಯುವ ನೆಲ ಸಿದ್ಧವಾಯಿತು. 2010ರ ಅಕ್ಟೋಬರಿನಿಂದ ಹೊಸ ನಿಲ್ದಾಣಕ್ಕೆ ಪ್ರಯಾಣಿಕ ವಿಮಾನಗಳು ಬರತೊಡಗಿದವು. ಸುತ್ತಲೂ ಬಡಾವಣೆಗಳು ಬೆಳೆದಿವೆ. ಅಲ್ಲಿ ಮನೆ ಕಟ್ಟಿದವರು ಕೇಳುವ ಒಂದು ಪ್ರಶ್ನೆಗೆ ನೇರ ಉತ್ತರ ಸಿಗುವುದು ಕಷ್ಟ: ತಾರಸಿ ಮೇಲೆ ಡಿಶ್ ಹಾಕಲು ಯಾರ ಅನುಮತಿ ಬೇಕು?

ಡಿಶ್ ಎಂಬ ತಟ್ಟೆಗೆ ಪ್ರತ್ಯೇಕ ಪರವಾನಗಿ ಬೇಡ. ಹಿಂದೆ ಹಾಗಿರಲಿಲ್ಲ. 1980ರ ದಶಕದ ಮಧ್ಯದವರೆಗೂ ರೇಡಿಯೊ, ಟಿ.ವಿ. ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು. ಮುಂದೆ 1997ರ ಜುಲೈನಲ್ಲಿ ಕೇಂದ್ರ ಸರ್ಕಾರ ಇಂದಿನ ಮನೆ ಡಿಶ್‌ಗಳು ಬಳಸುವ ಕೆಯು ಬ್ಯಾಂಡ್‌ನಲ್ಲಿ ಟಿ.ವಿ. ಸಂಕೇತ ಹಿಡಿಯುವುದನ್ನೇ ನಿಷೇಧಿಸಿತ್ತು. ಆ ನಿಷೇಧ ತೆರವಾದದ್ದು 2000ದ ನವೆಂಬರಿನಲ್ಲಿ. ಈಗ ಲೈಸೆನ್ಸಿನ ಹೊಣೆ ಡಿಟಿಎಚ್ ಕಂಪನಿಯದು. ಮನೆಯವರಿಗೆ ಆ ಚಿಂತೆ ಇಲ್ಲ.

ಮಂಡಕಳ್ಳಿಯಲ್ಲಿ ಯೋಚಿಸಬೇಕಾದದ್ದು ತಟ್ಟೆಯ ಕೆಳಗಿನ ಪೈಪಿನ ಬಗ್ಗೆ. ವಿಮಾನ ನಿಲ್ದಾಣಗಳ ಸುತ್ತ ಕಟ್ಟಡಗಳ ಎತ್ತರಕ್ಕೆ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2015ರ ಸೆಪ್ಟೆಂಬರಿನಲ್ಲಿ ನಿಯಮ ಹೊರಡಿಸಿತು. ಅದರಂತೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರತಿ ನಿವೇಶನಕ್ಕೆ ಗರಿಷ್ಠ ಎತ್ತರ ಗೊತ್ತುಮಾಡಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಜನ ಇದನ್ನು ಎನ್‌ಒಸಿ ಎನ್ನುತ್ತಾರೆ. ಇದರಲ್ಲಿ ಎರಡು ಮಾತುಗಳನ್ನು ಗಮನವಿಟ್ಟು ಓದಬೇಕು.

ಮೊದಲನೆಯದು, ಇಲ್ಲಿ ಎತ್ತರವನ್ನು ಸಮುದ್ರ ಮಟ್ಟದಿಂದ ಅಳೆಯುತ್ತಾರೆ, ಮನೆಯ ಅಂಗಳದಿಂದಲ್ಲ. ಒಂದೇ ಬೀದಿಯ ಎರಡು ಮನೆಗಳಲ್ಲಿ ಏರಿನ ಮೇಲಿರುವ ಮನೆಗೆ ಮೇಲೆ ಉಳಿಯುವ ಜಾಗ ಕಡಿಮೆ. ಎರಡನೆಯದು, ಲೆಕ್ಕ ತುತ್ತತುದಿಯವರೆಗೆ ಹೋಗುತ್ತದೆ. ಕಟ್ಟಡ ಉಪವಿಧಿಗಳಲ್ಲಿ ಸಾಮಾನ್ಯವಾಗಿ ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್, ಲಿಫ್ಟ್ ಕೋಣೆಗಳನ್ನು ಎತ್ತರದ ಲೆಕ್ಕದಿಂದ ಬಿಟ್ಟಿರುತ್ತಾರೆ. ವಿಮಾನ ನಿಲ್ದಾಣದ ಎನ್‌ಒಸಿ ಯಾವುದನ್ನೂ ಬಿಡುವುದಿಲ್ಲ. ಟ್ಯಾಂಕ್, ಆಂಟೆನಾ, ಸಿಡಿಲು ತಡೆಯುವ ಸರಳು, ಯಾವುದೂ ಗೊತ್ತಾದ ಎತ್ತರ ದಾಟಬಾರದು. ಎಂಜಿನಿಯರ್ ಒಂದು ಲೆಕ್ಕ ನೋಡಿ ನಕ್ಷೆ ಮಾಡಿ, ಮನೆಯವರು ಇನ್ನೊಂದನ್ನು ಮರೆತರೆ ತೊಂದರೆ ಅಲ್ಲಿಂದಲೇ ಶುರು.

ಒಂದು ಉದಾಹರಣೆ ನೋಡೋಣ. ಉಪಕರಣಗಳ ನೆರವಿನಿಂದ ವಿಮಾನ ಇಳಿಸುವ ದೊಡ್ಡ ರನ್‌ವೇಗಳ ತುದಿಯಲ್ಲಿ ಆಕಾಶಕ್ಕೆ ಒಂದು ಇಳಿಜಾರು ಕಲ್ಪಿಸಿರುತ್ತಾರೆ. ಪ್ರತಿ 50 ಮೀಟರ್ ದೂರಕ್ಕೆ ಅದು 1 ಮೀಟರ್ ಏರುತ್ತದೆ. ಅದರ ಕೆಳಗಿರುವುದಷ್ಟೇ ನಮ್ಮ ಜಾಗ. ಇಳಿಜಾರು ಶುರುವಾಗುವ ಕಡೆಯಿಂದ 1 ಕಿಲೋಮೀಟರ್ ದೂರದ ನಿವೇಶನದ ಮೇಲೆ ಅದು 20 ಮೀಟರ್ ಎತ್ತರದಲ್ಲಿರುತ್ತದೆ. ನೆಲವೇ ರನ್‌ವೇಗಿಂತ 5 ಮೀಟರ್ ಮೇಲಿದ್ದರೆ ಉಳಿದದ್ದು 15 ಮೀಟರ್. ಮೂರು ಅಂತಸ್ತಿಗೆ 9, ಮೆಟ್ಟಿಲ ಕೋಣೆಗೆ ಎರಡೂವರೆ, ಅದರ ಮೇಲಿನ ಟ್ಯಾಂಕಿಗೆ 2 ಮೀಟರ್ ಹೋದರೆ ಹದಿಮೂರೂವರೆ ಆಯಿತು. ಟ್ಯಾಂಕಿನ ಮೇಲೆ ಇನ್ನೊಂದು 2 ಮೀಟರ್ ಪೈಪು ನಿಲ್ಲಿಸಿದರೆ ಅರ್ಧ ಮೀಟರ್ ಮೀರಿದಂತೆ. ನಿಮ್ಮ ನಿವೇಶನದ ಅಂಕಿ ಬೇರೆಯೇ ಇರುತ್ತದೆ. ಮಂಡಕಳ್ಳಿಯ ರನ್‌ವೇ ಪೂರ್ವ ಪಶ್ಚಿಮವಾಗಿ ಮಲಗಿರುವುದರಿಂದ ಆ ಎರಡು ದಿಕ್ಕಿನ ನೇರಕ್ಕೆ ಬರುವ ಮನೆಗಳು ಹೆಚ್ಚು ಎಚ್ಚರದಿಂದಿರಬೇಕು.

ಅಷ್ಟಕ್ಕೂ ಡಿಶ್‌ಗೆ ಎತ್ತರ ಬೇಕೆ? ಬೇಡ. ಎತ್ತರದ ಪೈಪು ಹಳೆಯ ಕಡ್ಡಿ ಆಂಟೆನಾ ಕಾಲದ ಅಭ್ಯಾಸ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ನೆಲದ ಮೇಲಿನ ಗೋಪುರದಿಂದ ಬರುವ ಅಲೆ ಗುಡ್ಡ, ಮರ, ಕಟ್ಟಡಗಳನ್ನು ದಾಟಿ ಬರಬೇಕಿತ್ತು, ಆದ್ದರಿಂದ ಮೇಲಕ್ಕೆ ಏರಿಸಿದಷ್ಟೂ ಚಿತ್ರ ಚೆನ್ನಾಗಿ ಬರುತ್ತಿತ್ತು. ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಅದರ ಮುಂದೆ ನಮ್ಮ ಎರಡು ಮೀಟರ್ ಏನೂ ಅಲ್ಲ. ದೂರದರ್ಶನದ ಫ್ರೀ ಡಿಶ್ ಬಳಸುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಮೈಸೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 65 ಡಿಗ್ರಿ ಮೇಲೆ, ಅಂದರೆ ಬಹುಮಟ್ಟಿಗೆ ನೆತ್ತಿಯ ಕಡೆಗೇ. ತಟ್ಟೆ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ, ಅದರ ರಚನೆಯೇ ಹಾಗೆ. ಆಗ್ನೇಯದಲ್ಲಿ ಡಿಶ್‌ಗಿಂತ 10 ಅಡಿ ಎತ್ತರದ ಗೋಡೆಯಿದ್ದರೂ ಅದರಿಂದ 6 ಅಡಿ ಈಚೆಗೆ ಕೂರಿಸಿದರೆ ಸಿಗ್ನಲ್ ಸಿಗುತ್ತದೆ. ತಾರಸಿಯ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಡಿಶ್ ಗಾಳಿಗೆ ಅಲುಗುವುದೂ ಕಡಿಮೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಇನ್ನೊಂದು ಒಪ್ಪಿಗೆ ಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ತಾರಸಿ ಎಲ್ಲರಿಗೂ ಸೇರಿದ ಜಾಗ, ಹಾಗಾಗಿ ಸಂಘವನ್ನು ಕೇಳಿಯೇ ಹಾಕಬೇಕು. ಇಂಗ್ಲೆಂಡಿನಲ್ಲಿ ಮನೆಯೊಂದಕ್ಕೆ ಎರಡು ಡಿಶ್, ಒಂದು 100 ಸೆಂಟಿಮೀಟರ್, ಇನ್ನೊಂದು 60 ಸೆಂಟಿಮೀಟರ್ ಮೀರದಿದ್ದರೆ ಸಾಮಾನ್ಯವಾಗಿ ಅರ್ಜಿ ಬೇಡ ಎಂದು ಬರೆದೇ ಇಟ್ಟಿದ್ದಾರೆ. ನಮ್ಮಲ್ಲೂ ಸ್ಥಳೀಯ ಸಂಸ್ಥೆಗಳು ಹೀಗೆ ಒಂದು ಪುಟದ ಸ್ಪಷ್ಟ ಸೂಚನೆ ಕೊಟ್ಟರೆ ಎಷ್ಟೋ ಗೊಂದಲ ತಪ್ಪುತ್ತದೆ.

ಎತ್ತರ ಮೀರಿದ್ದನ್ನು ತಗ್ಗಿಸಲು, ಬೇಕಾದರೆ ಕೆಡವಿಸಲು 1994ರಲ್ಲೇ ನಿಯಮ ಬಂದಿದೆ. ಈಗ 1,740 ಮೀಟರ್ ಇರುವ ಇಲ್ಲಿನ ರನ್‌ವೇಯನ್ನು 2,750 ಮೀಟರಿಗೆ ಉದ್ದ ಮಾಡುವ ಪ್ರಸ್ತಾವವೂ ಇದೆ. ರನ್‌ವೇಯ ತುದಿ ಸರಿದರೆ ಇಳಿಜಾರೂ ಜೊತೆಗೆ ಸರಿಯುತ್ತದೆ.

ಆದ್ದರಿಂದ ಡಿಶ್ ಹಾಕುವವರು ಬರುವ ಮುನ್ನ ಮನೆಯ ಎನ್‌ಒಸಿ ತೆಗೆದು ಅದರಲ್ಲಿರುವ ಗರಿಷ್ಠ ಎತ್ತರ ನೋಡಿಕೊಳ್ಳಿ. ಪತ್ರವೇ ಇಲ್ಲದಿದ್ದರೆ ನಕ್ಷೆಗೆ ಒಪ್ಪಿಗೆ ಕೊಟ್ಟ ಕಚೇರಿಯಲ್ಲಿ ವಿಚಾರಿಸಿ. ಟ್ಯಾಂಕಿನ ಮೇಲೆ ಏರಿಸುತ್ತೇವೆ ಎಂದರೆ ಒಪ್ಪಬೇಡಿ, ತಾರಸಿಯ ನೆಲದಲ್ಲೇ ಕೂರಿಸಿ ಎಂದು ಹೇಳಿ.