ಮೊಬೈಲಿನಲ್ಲಿ ಹಣ ಪಾವತಿ: ಮಾದರಿ ಆ್ಯಪ್ ಒಂದರ ರಚನೆ

ಪುಲಿಕೇಶಿನಗರದ ಮಾಸ್ಕ್ ರಸ್ತೆಯ ತಿಂಡಿಯಂಗಡಿಯೊಂದು ಸ್ವಂತ ಆ್ಯಪ್ ಮೂಲಕ ಮಾರಾಟಕ್ಕೆ ತೊಡಗುವುದಾದರೆ, ಮೊದಲು ಮಾದರಿಯೊಂದನ್ನು ಕಟ್ಟಿ ಪರೀಕ್ಷಿಸುವುದು ಲೇಸು. ಇದಕ್ಕೆಂದು, 2014ರಲ್ಲಿ ಸ್ಥಾಪಿತವಾದ ಬೆಂಗಳೂರಿನ ರೇಜರ್‌ಪೇಯಂತಹ ಸಂಸ್ಥೆಗಳು ಪರೀಕ್ಷಾರ್ಥ ಕೀಲಿಗಳನ್ನು ಒದಗಿಸುತ್ತವೆ. ಅವುಗಳಿಂದ ನಡೆಸುವ ವ್ಯವಹಾರದಲ್ಲಿ ನಿಜವಾದ ಹಣ ಒಂದು ಪೈಸೆಯೂ ಕೈಬದಲಾಗದು.

ಕೀಲಿಗಳು ಎರಡು. ಗುರುತಿನ ಕೀಲಿಯು ಆ್ಯಪಿನಲ್ಲಿರಬಹುದು. ಗುಟ್ಟಿನ ಕೀಲಿಯಾದರೋ ಅಂಗಡಿಯ ಲೆಕ್ಕವಿಡುವ ಗಣಕಯಂತ್ರವನ್ನು, ಅಂದರೆ ಸರ್ವರನ್ನು, ಬಿಟ್ಟು ಹೊರಬರಕೂಡದು. ಗಿರಾಕಿಯು ತಿಂಡಿಯನ್ನು ಆರಿಸಿದೊಡನೆ ಸರ್ವರ್ ತನ್ನ ದರಪಟ್ಟಿಯಂತೆ ಮೊತ್ತವನ್ನು ನಿಗದಿಗೊಳಿಸಿ, ಪಾವತಿ ಸಂಸ್ಥೆಯಿಂದ ಆರ್ಡರ್ ಸಂಖ್ಯೆ ಪಡೆಯುತ್ತದೆ. ಮೊತ್ತವನ್ನು ಪೈಸೆಗಳಲ್ಲಿ ಬರೆಯಬೇಕು. 250 ರೂಪಾಯಿ ಎಂದರೆ 25000. ಹೊಸಬರು ಎಡವುವುದು ಇಲ್ಲಿಯೇ. ಬಳಿಕ ಆ ಸಂಖ್ಯೆಯೊಡನೆ ಆ್ಯಪಿನಲ್ಲಿ ಪಾವತಿಯ ಪುಟ ತೆರೆಯುತ್ತದೆ.

'ಹಣ ಸಂದಿತು' ಎಂದು ಫೋನು ತೋರಿಸಿದ ಮಾತ್ರಕ್ಕೆ ಪೊಟ್ಟಣ ಕಟ್ಟಿಕೊಡಲಾಗದು. ಫೋನು ಇರುವುದು ಗಿರಾಕಿಯ ಕೈಯಲ್ಲಿ. ಅದು ಕಳುಹಿಸುವ ಸುದ್ದಿಯನ್ನು ತಿದ್ದುವುದು ಬಲ್ಲವನಿಗೆ ಕಷ್ಟವಲ್ಲ. ಆದಕಾರಣ ಪಾವತಿಯೊಡನೆ ಬರುವ ಗಣಿತಮುದ್ರೆಯನ್ನು ಸರ್ವರ್ ತಾನೇ, ಆರ್ಡರ್ ಹಾಗೂ ಪಾವತಿ ಸಂಖ್ಯೆಗಳೆರಡನ್ನೂ ಗುಟ್ಟಿನ ಕೀಲಿಯನ್ನೂ ಬಳಸಿ ಲೆಕ್ಕಹಾಕಿ, ತಾಳೆ ನೋಡಬೇಕು. ನಡುವೆ ಸಂಪರ್ಕ ಕಡಿದರೂ, ಸಂಸ್ಥೆಯು ಸರ್ವರಿಗೆ ನೇರವಾಗಿ ಕಳುಹಿಸುವ ವೆಬ್‌ಹುಕ್ ಎಂಬ ಸೂಚನೆಯಿಂದ ಹಣ ಸಂದುದು ತಿಳಿಯುತ್ತದೆ. ಯಶಸ್ವಿ ಪಾವತಿಯಂತೆಯೇ ವಿಫಲ ಪಾವತಿಯನ್ನೂ ಬೇಕೆಂದೇ ಪ್ರಯೋಗಿಸಿ ನೋಡಿದ ಮೇಲೆ, ಪರೀಕ್ಷೆಯ ಕೀಲಿಗಳನ್ನು ತೆಗೆದು ನಿಜವಾದವನ್ನು ಅಳವಡಿಸಲಾಗುತ್ತದೆ.